ಸದ್ದು ಸಾಗಿಸದ ತಂತಿ

(ಕಾಲೇಜೊಂದರ ಸಂಗೀತಾಸಕ್ತರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನದೇ ಒಂದು ಎಡವಟ್ಟಿನಿಂದ ಮಾತು ಆರಂಭಿಸುತ್ತೇನೆ. ವರದಿಯೊಂದಕ್ಕಾಗಿ ಬೆಂಗಳೂರಿನ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋಗೆ ಹೋಗಿದ್ದೆ. ಕೀಬೋರ್ಡ್ ವಾದಕರು ಒಂದು ಸ್ವರ ಹಿಡಿದು ನಿಲ್ಲಿಸಿದ್ದ ಹೊತ್ತಿಗೆ ಸರಿಯಾಗಿ ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದೆ. ಕಾಲಿಗೆ ಯಾವುದೋ ವಯರು ಸಿಕ್ಕಿ ಕಿತ್ತು ಬಂತು. ವಾದಕರು ಬೆರಳು ತೆಗೆದರು. ಸ್ವರ ಮಾತ್ರ ನಿಲ್ಲಲಿಲ್ಲ. ಗೋಡೆಯ ಬಳಿಯ ಪೆಟ್ಟಿಗೆಯೊಂದು ಅದೇ ಸ್ವರವನ್ನು ಹಟ ಹಿಡಿದು ಕೂಗುತ್ತಲೇ ಇತ್ತು. ನಾನು ಬೆವತುಹೋದೆ. ಅಲ್ಲಿನ ಹಿರಿಯ ಆಪರೇಟರ್ ನಗುತ್ತಾ ಎದ್ದು ಒಂದು ಗುಂಡಿ ಒತ್ತಿದರು. ‘ಏನೂ ಆಗಿಲ್ಲ ಬಿಡಿ. ಶುರು ಮಾಡು ಅಂದದ್ದು ಅದಕ್ಕೆ ಕೇಳಿಸಿತ್ತು. ನಿಲ್ಲಿಸು ಅನ್ನುವಷ್ಟರಲ್ಲಿ ನೀವು ತಂತಿ ಕಿತ್ತಿರಿ’ ಅಂದರು.

ಮೈಕಿನ ವಯರು ಕಿತ್ತರೆ ಮೈಕು ಮೂಕವಾಗುತ್ತದೆ. ಇಲ್ಲಿ ವಯರು ಕಿತ್ತ ಮೇಲೂ ಸದ್ದು! ಏಕೆಂದರೆ ಆ ತಂತಿಯಲ್ಲಿ ಸದ್ದು ಹರಿಯುತ್ತಲೇ ಇರಲಿಲ್ಲ. ಅದು ಮಿಡಿ ಕೇಬಲ್. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬ ಉದ್ದ ಹೆಸರಿನ ಮೊದಲಕ್ಷರಗಳು. ನಮ್ಮಲ್ಲಿ ಮಿಡಿ ಎಂದರೆ ತಂತಿ ಮೀಟುವುದೂ ಹೌದು, ಉಪ್ಪಿನಕಾಯಿಗೆ ಹಾಕುವ ಮಾವೂ ಹೌದು. ಈ ಇಂಗ್ಲಿಷ್ ಮಿಡಿಗೆ ಮೊದಲನೆಯ ಅರ್ಥ ಹೇಗೋ ಹೊಂದಿಕೊಳ್ಳುತ್ತದೆ.

ತಂತಿಯಲ್ಲಿ ಹೋಗುವುದು ಬರೀ ಅಂಕಿಗಳು. ಕೀಬೋರ್ಡಿನ ನಡುವಿನ ಸಿ ಮಣೆಯನ್ನು ಒತ್ತಿದರೆ 144, 60, 100 ಎಂಬಂಥ ಮೂರು ಅಂಕಿ ಹೊರಡುತ್ತವೆ. ಮೊದಲನೆಯದು ‘ಒಂದನೆಯ ಚಾನೆಲ್‌ನವನೇ, ನುಡಿಸು’ ಎಂಬ ಅಪ್ಪಣೆ. ಎರಡನೆಯದು ಯಾವ ಮಣೆ ಎಂಬುದು. ಮೂರನೆಯದು ಎಷ್ಟು ಬಿರುಸಾಗಿ ಒತ್ತಲಾಯಿತು ಎಂಬುದು. ಅದು 127ನ್ನು ಮೀರುವಂತಿಲ್ಲ. ಬೆರಳು ತೆಗೆದಾಗ ಇನ್ನೊಂದು ಅಪ್ಪಣೆ. ಅದೇ ನನ್ನ ಕಾಲಿಗೆ ಸಿಕ್ಕಿ ದಾರಿಯಲ್ಲೇ ಸತ್ತದ್ದು. ಸ್ವರ ಹಾಕಿ ಬರೆದ ಸಂಗೀತದ ಪುಸ್ತಕವನ್ನು ನೆನೆದುಕೊಳ್ಳಿ. ಪುಸ್ತಕಕ್ಕೆ ಕಿವಿಯಿಟ್ಟರೆ ಏನೂ ಕೇಳದು. ವೀಣೆಯವರ ಮುಂದಿಟ್ಟರೆ ವೀಣೆ, ಕೊಳಲಿನವರ ಮುಂದಿಟ್ಟರೆ ಕೊಳಲು. ಸೀಕ್ವೆನ್ಸರ್ ಎಂಬ ಯಂತ್ರ ಇಂಥ ಪುಸ್ತಕ. ಯಾವ ಅಪ್ಪಣೆ ಯಾವ ಗಳಿಗೆಯಲ್ಲಿ ಬಂತು ಎಂದು ನೆನಪಿಟ್ಟುಕೊಂಡು, ಕೇಳಿದಾಗ ಅದೇ ಲಯದಲ್ಲಿ ಒಪ್ಪಿಸುತ್ತದೆ.

ಮಿಡಿಗೆ ಮೊದಲೂ ಸೀಕ್ವೆನ್ಸರ್ ಇತ್ತು. 1977ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಎಂಸಿ-8 ಎಂಬ ಯಂತ್ರ ತಂದಿತು. ಸ್ವರ ಯಾವುದು, ಎಷ್ಟು ಹೊತ್ತು ಸದ್ದು ಮಾಡಬೇಕು, ಮುಂದಿನ ಸ್ವರ ಯಾವಾಗ ಎಂಬುದನ್ನೆಲ್ಲ ಕ್ಯಾಲ್ಕ್ಯುಲೇಟರಿನಂಥ ಗುಂಡಿಗಳಲ್ಲಿ ಅಂಕಿಯಾಗಿ ಒತ್ತಬೇಕು. ಹಾಡು ಕಟ್ಟುವುದೋ ಲೆಕ್ಕ ಬರೆಯುವುದೋ ಎನ್ನುವಂಥ ಕೆಲಸ. ಎಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಜಪಾನಿ ತಂಡದಲ್ಲಿ ಇದಕ್ಕೆಂದೇ ಹಿಡೇಕಿ ಮತ್ಸುತಾಕೆ ಎಂಬವರು ಕೂರುತ್ತಿದ್ದರು.

ಅದಕ್ಕಿಂತ ದೊಡ್ಡ ತೊಡಕು ಎಂದರೆ ಕಂಪನಿಗೊಂದು ಭಾಷೆ. ಲಯ ಹೊಂದಿಸಲು ರೋಲ್ಯಾಂಡ್ ಯಂತ್ರ ಒಂದು ಬೀಟಿಗೆ 24 ಬಡಿತ ಕಳಿಸಿದರೆ, ಕಾರ್ಗ್ ಯಂತ್ರ 48 ಕೇಳುತ್ತಿತ್ತು, ಓಬರ್‌ಹೈಮ್ 96. ಒಂದರ ಬಡಿತಕ್ಕೆ ಇನ್ನೊಂದನ್ನು ಕಟ್ಟಿದರೆ ಅದು ಅರ್ಧ ವೇಗದಲ್ಲೋ ಕಾಲು ವೇಗದಲ್ಲೋ ತೆವಳುತ್ತಿತ್ತು. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿ ರೆಕಾರ್ಡ್ ಮಾಡಿದಾಗ ಬಳಸಿದ ಮೂರು ಯಂತ್ರಗಳೂ ರೋಲ್ಯಾಂಡ್‌ನವೇ.

ರೋಲ್ಯಾಂಡ್ ಸ್ಥಾಪಕ ಇಕುತಾರೋ ಕಾಕೆಹಾಶಿ ಈ ಗೊಂದಲ ಮುಗಿಯಬೇಕು ಎಂದು ಇತರ ಕಂಪನಿಗಳ ಜತೆ ಮಾತಿಗಿಳಿದರು. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿಯ ಡೇವ್ ಸ್ಮಿತ್, ತಮ್ಮ ಸಹೋದ್ಯೋಗಿ ಚೆಟ್ ವುಡ್ ಜತೆಗೂಡಿ 1981ರಲ್ಲಿ ಒಂದು ಪ್ರಬಂಧ ಮಂಡಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಮೇಳದಲ್ಲಿ ಸೀಕ್ವೆನ್ಷಿಯಲ್‌ನ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ನಡುವೆ ಒಂದು ತಂತಿ ಕಟ್ಟಿದರು. ಒಂದನ್ನು ನುಡಿಸಿದರೆ ಪ್ರತಿಸ್ಪರ್ಧಿ ಕಂಪನಿಯ ಇನ್ನೊಂದು ನುಡಿಯಿತು. ಆ ಭಾಷೆಯನ್ನು ಬಳಸಲು ಯಾರೂ ಯಾರಿಗೂ ಕಾಸು ಕೊಡಬೇಕಿರಲಿಲ್ಲ. ಈ ಒಂದು ತೀರ್ಮಾನ ಬೇರೆಯಾಗಿದ್ದರೆ ನಾವಿಂದು ಈ ವಿಷಯ ಮಾತಾಡುತ್ತಿರಲಿಲ್ಲವೇನೋ. ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು.

ಈಗ ಸ್ಟುಡಿಯೋ ಒಳಗೆ ಬನ್ನಿ. ಒಂದು ಕೀಬೋರ್ಡ್, ನಡುವೆ ಸೀಕ್ವೆನ್ಸರ್, ಮಣೆಗಳೇ ಇಲ್ಲದ ಎರಡು ಸ್ವರಪೆಟ್ಟಿಗೆ, ಒಂದು ಡ್ರಮ್ ಯಂತ್ರ. ಹೆಚ್ಚಿನವುಗಳ ಬೆನ್ನಿಗೆ ಮೂರು ಕಿಂಡಿ: ಇನ್, ಔಟ್, ಥ್ರೂ. ಔಟ್ ಎಂದರೆ ನನ್ನ ಮಾತು. ಥ್ರೂ ಎಂದರೆ ನನ್ನ ಕಿವಿಗೆ ಬಿದ್ದದ್ದನ್ನು ಹಾಗೆಯೇ ಮುಂದಿನವರಿಗೆ ದಾಟಿಸುವುದು. ಕೀಬೋರ್ಡಿನ ಔಟ್ ಸೀಕ್ವೆನ್ಸರಿನ ಇನ್‌ಗೆ, ಸೀಕ್ವೆನ್ಸರಿನ ಔಟ್ ಮೊದಲ ಪೆಟ್ಟಿಗೆಗೆ, ಅದರ ಥ್ರೂ ಎರಡನೆಯದಕ್ಕೆ, ಹೀಗೆ ಸರಪಳಿ. ಆದರೆ ಇದು ಊರಲ್ಲಿ ಡಂಗುರ ಹೊಡೆದ ಹಾಗೆ, ಎಲ್ಲರಿಗೂ ಎಲ್ಲವೂ ಕೇಳುತ್ತದೆ. ಹಾಗಾಗಿ ಪ್ರತಿ ಅಪ್ಪಣೆಗೂ 1ರಿಂದ 16ರವರೆಗಿನ ಒಂದು ಚಾನೆಲ್ ನಂಬರು. ಮೂರನೆಯ ನಂಬರಿಗೆ ಕಿವಿಗೊಡು ಎಂದು ಹೇಳಿಸಿಕೊಂಡ ಪೆಟ್ಟಿಗೆ ಉಳಿದದ್ದನ್ನು ಕೇಳಿಯೂ ಕೇಳದಂತಿರುತ್ತದೆ.

ಕಿಂಡಿಯೊಳಗೆ ಒಂದು ಚಂದದ ಉಪಾಯವಿದೆ. ಬಂದ ವಿದ್ಯುತ್ತು ಅಲ್ಲಿ ಪುಟ್ಟ ದೀಪವೊಂದನ್ನು ಮಿನುಗಿಸುತ್ತದೆ. ಎದುರಿಗಿರುವ ಬೆಳಕಿನ ಕಣ್ಣು ಅದನ್ನು ನೋಡಿ ಮತ್ತೆ ವಿದ್ಯುತ್ ಸಂಕೇತ ಮಾಡುತ್ತದೆ. ಹೀಗೆ ಮಿಡಿ ತಂತಿಯ ಮೂಲಕ ಒಂದು ಯಂತ್ರದ ಗುಂಯ್‌ಗುಡುವ ಕರೆಂಟು ಇನ್ನೊಂದಕ್ಕೆ ಹರಿಯದು. ಆದರೆ ದಾಟುವಾಗಲೆಲ್ಲ ಸಂಕೇತದ ಅಂಚು ತುಸು ಸವೆಯುತ್ತದೆ. ಮೂರು ನಾಲ್ಕು ಪೆಟ್ಟಿಗೆ ದಾಟಿದ ಮೇಲೆ ಮಾತು ತೊದಲಬಹುದು. ಆಗ ಸರಪಳಿ ಬಿಟ್ಟು ಒಂದು ಇನ್, ಹಲವು ಔಟ್ ಇರುವ ಥ್ರೂ ಬಾಕ್ಸ್ ಇಡುತ್ತಾರೆ.

ಹೊಸಬರು ತಪ್ಪದೆ ಬೀಳುವ ಹಳ್ಳ ಇನ್ನೊಂದಿದೆ. ಕೀಬೋರ್ಡಿಗೂ ತನ್ನದೇ ಸ್ವರವಿರುತ್ತದೆ. ಹಾಗೆಂದು ಸೀಕ್ವೆನ್ಸರಿನ ಔಟನ್ನು ಮರಳಿ ಅದಕ್ಕೂ ಕೊಟ್ಟರೆ, ಒತ್ತಿದ ಮಣೆ ನೇರವಾಗಿ ಒಮ್ಮೆ, ಸೀಕ್ವೆನ್ಸರನ್ನು ಸುತ್ತಿ ಬಂದು ಇನ್ನೊಮ್ಮೆ ನುಡಿಯುತ್ತದೆ. ಸದ್ದು ಡಬ್ಬದೊಳಗಿಂದ ಬಂದಂತಾಗುತ್ತದೆ. ಇದಕ್ಕೆ ಮದ್ದು ‘ಲೋಕಲ್ ಆಫ್’: ಕೀಬೋರ್ಡಿನ ಮಣೆಗೂ ಅದರ ಸ್ವರಕ್ಕೂ ಇರುವ ಒಳಸಂಬಂಧ ಕತ್ತರಿಸುವುದು. ಆಮೇಲೆ ಸೀಕ್ವೆನ್ಸರ್ ಆರಿಸಿದ್ದರೆ ಕೀಬೋರ್ಡ್ ಸತ್ತಂತೆ ಬಿದ್ದಿರುತ್ತದೆ. ರಿಪೇರಿಗೆ ಹೊರುವ ಮುನ್ನ ಅದೊಂದನ್ನು ನೋಡಿಕೊಳ್ಳಿ.

ಲಯಕ್ಕೆ ಮಾತ್ರ ಯಜಮಾನ ಒಬ್ಬನೇ ಇರಬೇಕು. ಸೀಕ್ವೆನ್ಸರ್ ಬೀಟಿಗೆ 24 ಬಡಿತ ಕಳಿಸಬೇಕು, ಡ್ರಮ್ ಯಂತ್ರ ತನ್ನ ಗಡಿಯಾರ ಬಿಟ್ಟು ಅದನ್ನೇ ನಂಬಬೇಕು. ಇಬ್ಬರೂ ತಮ್ಮ ತಮ್ಮ ಗಡಿಯಾರ ಹಿಡಿದರೆ ಪಲ್ಲವಿಯಲ್ಲಿ ಕೂಡಿದ್ದವರು ಚರಣಕ್ಕೆ ಬರುವಷ್ಟರಲ್ಲಿ ಬೇರೆಯಾಗಿರುತ್ತಾರೆ.

ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಅಪ್ಪಣೆಗೆ ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ಆದರೆ ಅಪ್ಪಣೆಗಳು ಒಂದರ ಹಿಂದೊಂದು ಸಾಲಾಗಿಯೇ ಹೋಗಬೇಕು. ಸಮದಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಬಿದ್ದರೆ ಕೊನೆಯದು ತಡವಾಗುತ್ತದೆ. 1984ರ ಯಮಾಹಾ ಕ್ಯೂಎಕ್ಸ್1 ಸೀಕ್ವೆನ್ಸರಿಗೆ ಎಂಟು ಔಟ್ ಇದ್ದದ್ದು ಇಂಥಲ್ಲಿ ಉಪಕಾರಕ್ಕೆ ಬರುತ್ತಿತ್ತು. ವಾದ್ಯಗಳನ್ನು ಬೇರೆ ಬೇರೆ ದಾರಿಗೆ ಹಚ್ಚಬಹುದಿತ್ತು.

ನಮ್ಮ ಸಂಗೀತದವರಿಗೆ ಇಲ್ಲೊಂದು ತಕರಾರಿದೆ, ಅದು ನ್ಯಾಯವೂ ಹೌದು. ಈ ಭಾಷೆ ಹುಟ್ಟಿದ್ದು ಕೀಬೋರ್ಡಿನ ಮನೆಯಲ್ಲಿ. ಮಣೆ ಒತ್ತಿತು, ಬಿಟ್ಟಿತು. ಸ್ವರ ಎಂದರೆ ಅದಕ್ಕೆ ಅಷ್ಟೇ. ನಮ್ಮ ಸ್ವರ ಒಂದೆಡೆ ನಿಲ್ಲುವುದಿಲ್ಲ. ತೋಡಿಯ ಗಾಂಧಾರಕ್ಕೆ ಯಾವ ನಂಬರು ಕೊಡುತ್ತೀರಿ? ಪಿಚ್ ಬೆಂಡ್ ಎಂಬ ಚಕ್ರವಿದೆ, ಆದರೆ ಅದು ಬಗ್ಗಿಸುವುದು ಇಡೀ ಚಾನೆಲನ್ನು. ಅದೇ ಚಾನೆಲ್‌ನಲ್ಲಿ ಎಡಗೈ ಷಡ್ಜ ಹಿಡಿದಿದ್ದರೆ ಗಮಕದ ಜತೆ ಶ್ರುತಿಯೂ ತೂಗಾಡುತ್ತದೆ! ಒಂದು ಸ್ವರಕ್ಕೆ ಒಂದು ಚಾನೆಲ್ ಮೀಸಲಿಡುವ ಎಂಪಿಇ ಎಂಬ ಪದ್ಧತಿಗೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. 2020ರ ಮಿಡಿ 2.0ರಲ್ಲಿ ಪ್ರತಿ ಸ್ವರವನ್ನೂ ಬೇರೆಯಾಗಿ ಬಗ್ಗಿಸಬಹುದು. ಆ ಹೊತ್ತಿಗೆ ಕಾಕೆಹಾಶಿ ಇರಲಿಲ್ಲ, 2017ರಲ್ಲಿ ತೀರಿಕೊಂಡಿದ್ದರು. ಡೇವ್ ಸ್ಮಿತ್ ತೀರಿಕೊಂಡದ್ದು 2022ರಲ್ಲಿ.

ಅಂದು ಸ್ಟುಡಿಯೋದಿಂದ ಹೊರಡುವ ಮುನ್ನ ಆ ಆಪರೇಟರ್ ಒಂದು ಹಳೆಯ ಫ್ಲಾಪಿ ತೆಗೆದು ಸೀಕ್ವೆನ್ಸರಿಗೆ ತೂರಿಸಿದರು. ಅವರ ಗೆಳೆಯರೊಬ್ಬರು ಕಟ್ಟಿದ್ದ ಭಾವಗೀತೆಯ ಹಿನ್ನೆಲೆಯಂತೆ. ಗೆಳೆಯರು ಈಗಿಲ್ಲ, ಕ್ಯಾಸೆಟ್ಟೂ ಸಿಗಲಿಲ್ಲ. ಫ್ಲಾಪಿ ಓದಿತು. ಒಂದು ಸ್ವರವೂ ತಪ್ಪಲಿಲ್ಲ, ಬೆರಳಿನ ಬಿರುಸು, ಮೆದು ಎಲ್ಲವೂ ಹಾಗೇ ಇತ್ತು. ಆದರೆ ಆ ಗೆಳೆಯರು ತಿಂಗಳುಗಟ್ಟಲೆ ಕೂತು ತಿದ್ದಿದ್ದ ಕೊಳಲಿನ ನಾದ ಇದ್ದದ್ದು ಎಂದೋ ಮಾರಿಹೋದ ಸಿಂಥಸೈಜರಿನಲ್ಲಿ. ಫ್ಲಾಪಿಯಲ್ಲಿದ್ದದ್ದು ‘ನಿನ್ನ ಐದನೆಯ ನಾದ ತೆಗೆ’ ಎಂಬ ಅಪ್ಪಣೆ ಮಾತ್ರ. ಹೊಸ ಪೆಟ್ಟಿಗೆ ವಿಧೇಯವಾಗಿ ತನ್ನ ಐದನೆಯ ನಾದ ತೆಗೆಯಿತು. ಅದು ತುತ್ತೂರಿ. ಆಪರೇಟರ್ ಕೊನೆಯವರೆಗೂ ಅದನ್ನು ನಿಲ್ಲಿಸಲಿಲ್ಲ.