ಅಜ್ಜನ ಮೊಣಕಾಲು, ಮೊಮ್ಮಗನ ಮೊಣಕಾಲು

ರೋಗಗಳಿಗೆ ಹೆಸರಿಡುವಾಗ ನಮ್ಮ ಜನ ಒಮ್ಮೊಮ್ಮೆ ಬಹಳ ಮೃದುವಾಗಿಬಿಡುತ್ತಾರೆ. ಊರಿಗೆ ಊರನ್ನೇ ಬರಿದುಮಾಡುತ್ತಿದ್ದ ಸಿಡುಬನ್ನು ಅವರು ‘ಅಮ್ಮ’ ಎಂದು ಕರೆದರು. ಹಿಮೋಫಿಲಿಯಾ ಎಂಬ ಅಪರೂಪದ ರಕ್ತದ ಕಾಯಿಲೆಗೆ ಕನ್ನಡದಲ್ಲಿ ‘ಕುಸುಮ ರೋಗ’ ಎಂಬ ಹೆಸರು ಬಳಕೆಗೆ ಬಂದಿದೆ. ಹೂವನ್ನು ಹಿಡಿದಷ್ಟು ನವುರಾಗಿ ಹಿಡಿಯಬೇಕಾದ ದೇಹ ಎಂಬ ಭಾವ ಆ ಹೆಸರಿನಲ್ಲಿದೆಯೆಂದು ನಾನು ತಿಳಿದುಕೊಂಡಿದ್ದೇನೆ. ಐವತ್ತು ವರ್ಷಕ್ಕೂ ಮಿಕ್ಕಿ ಈ ಕುಸುಮದೊಡನೆ ಸಂಸಾರ ಮಾಡಿದವನು ನಾನು. ಅದರ ಪರಿಮಳವನ್ನು ಕುರಿತು ಹೇಳಲು ನನ್ನಲ್ಲಿ ಏನೂ ಇಲ್ಲ. ಅದರೊಡನೆ ಬಾಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬಹುದು.

ಈ ರೋಗದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಸೂಜಿ ತಾಗಿದರೂ ಸಾಕು, ರಕ್ತ ಧಾರೆಯಾಗಿ ಹರಿದು ಮನುಷ್ಯ ಸಾಯುತ್ತಾನೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ನಮ್ಮ ರಕ್ತ ಇತರರ ರಕ್ತಕ್ಕಿಂತ ವೇಗವಾಗಿ ಹರಿಯುವುದಿಲ್ಲ. ಹರಿಯತೊಡಗಿದ್ದು ಬೇಗನೆ ನಿಲ್ಲುವುದಿಲ್ಲ, ಅಷ್ಟೆ. ರಕ್ತ ಹೆಪ್ಪುಗಟ್ಟಲು ಬೇಕಾದ ಹಲವು ಅಂಶಗಳಿಗೆ ವೈದ್ಯರು ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಎಂಟನೆಯ ಅಂಶದ ಕೊರತೆಯಿದ್ದರೆ ಅದು ‘ಎ’ ಬಗೆಯ ಕುಸುಮ, ಒಂಬತ್ತನೆಯದರ ಕೊರತೆಯಿದ್ದರೆ ‘ಬಿ’ ಬಗೆ. ‘ಎ’ ಬಗೆ ಸುಮಾರು ೫೦೦೦ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಆ ಒಬ್ಬನ ನಿಜವಾದ ಶತ್ರು ಹೊರಗಿನ ಗಾಯವಲ್ಲ, ಕಣ್ಣಿಗೆ ಕಾಣದಂತೆ ಮೊಣಕಾಲು, ಮೊಣಕೈ, ಹರಡುಗಳ ಕೀಲಿನೊಳಗೆ ಇಳಿಯುವ ರಕ್ತ. ಪದೇ ಪದೇ ಹಾಗೆ ಇಳಿದ ರಕ್ತ ಕೀಲಿನ ಮೆತ್ತನೆಯ ಪದರವನ್ನೂ ಮೃದ್ವಸ್ಥಿಯನ್ನೂ ಕೆಡಿಸಿ, ಕೊನೆಗೆ ಕಾಲನ್ನು ಬಾಗಿದಂತೆಯೇ ನಿಲ್ಲಿಸಿಬಿಡುತ್ತದೆ.

ನನ್ನ ಊರು ಗಿಲ್ಲೆಸುಗೂರು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯ ಮೇಲಿನ ಊರು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ೧೯೬೬ರಲ್ಲಿ, ನನ್ನ ಅಣ್ಣ ಆಡುತ್ತ ಬಿದ್ದು ನಾಲಗೆ ಕಚ್ಚಿಕೊಂಡನಂತೆ. ರಕ್ತ ಒಸರುವುದು ನಿಲ್ಲಲಿಲ್ಲ. ಐದನೆಯ ದಿನ ತೀರಿಕೊಂಡ. ಅವನಿಗೆ ಆಗ ಆರು ವರ್ಷ. ನಾನು ಅಂಬೆಗಾಲಿಡತೊಡಗಿದಾಗ ನನ್ನ ಮೊಣಕಾಲುಗಳ ಮೇಲೆ ನೀಲಿ ಕಲೆಗಳೆದ್ದವು. ಅವನ್ನು ನೋಡಿ ಅವ್ವ ಗೋಡೆಗೆ ಒರಗಿ ಕುಳಿತವಳು ಸಂಜೆಯವರೆಗೆ ಏಳಲಿಲ್ಲವೆಂದು ಅಕ್ಕ ಹೇಳುತ್ತಿದ್ದಳು. ನೆರೆಯವರು ‘ಈಕಿ ಹಾಲಿನಾಗ ದೋಷ ಅದ’ ಎಂದರು. ಅವ್ವ ತುಂಗಭದ್ರೆಯನ್ನು ದಾಟಿ ರಾಯರಿಗೆ ಹರಕೆ ಹೊತ್ತಳು. ನನ್ನ ತೋಳಿಗೆ ತಾಯತ ಕಟ್ಟಿಸಿದಳು.

ಕೀಲಿನಲ್ಲಿ ರಕ್ತ ಇಳಿಯುವಾಗ ಮೊದಲು ಒಂದು ಬಗೆಯ ಜುಮುಜುಮು, ಆಮೇಲೆ ಬಿಸಿ, ಆಮೇಲೆ ಬಿಗಿತ, ಕೊನೆಗೆ ನೋವು. ಆ ನೋವಿನಲ್ಲಿ ಹೊದ್ದ ಚಾದರವೂ ಭಾರ. ಮನೆಯವರು ಪ್ರೀತಿಯಿಂದ ಬಿಸಿ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕಿದಷ್ಟೂ ಊತ ಏರುತ್ತಿತ್ತು. ಒಮ್ಮೆ ಜ್ವರಕ್ಕೆಂದು ತೊಡೆಗೆ ಚುಚ್ಚಿಸಿದ ಸೂಜಿಯಿಂದ ಸ್ನಾಯುವಿನೊಳಗೆ ರಕ್ತ ತುಂಬಿ ಒಂದು ತಿಂಗಳು ಹಾಸಿಗೆ ಹಿಡಿದೆ. ಯಾರನ್ನೂ ದೂರುವಂತಿರಲಿಲ್ಲ. ಯಾರಿಗೂ ಅದರ ಹೆಸರೇ ಗೊತ್ತಿರಲಿಲ್ಲ.

ಹೆಸರು ಗೊತ್ತಾದದ್ದು ೧೯೮೧ರಲ್ಲಿ, ವೆಲ್ಲೂರಿನಲ್ಲಿ. ಅಲ್ಲಿಯ ವೈದ್ಯರು ಒಂದು ಹಾಳೆಯ ಮೇಲೆ ನಮ್ಮ ವಂಶವೃಕ್ಷವನ್ನು ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಣ್ಣನ ಚೌಕವನ್ನೂ ನನ್ನ ಚೌಕವನ್ನೂ ಮಸಿಯಿಂದ ತುಂಬಿ, ಅವ್ವನ ವೃತ್ತದ ನಡುವೆ ಒಂದು ಚುಕ್ಕೆಯಿಟ್ಟರು. ಈ ರೋಗ ತಾಯಿಯ ಕಡೆಯಿಂದ ಇಳಿದುಬರುತ್ತದೆ. ತಾಯಿಗೆ ಸಾಮಾನ್ಯವಾಗಿ ಬಾಧೆ ಕಾಣದು, ಗಂಡುಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಅವ್ವ ಆ ಚುಕ್ಕೆಯನ್ನೇ ನೋಡುತ್ತ, ‘ಅಂದರ ನನ್ನಿಂದೇನ್ರಿ?’ ಎಂದಳು. ಕನ್ನಡ ಬಲ್ಲ ದಾದಿಯೊಬ್ಬಳು, ‘ಕಣ್ಣಿನ ಬಣ್ಣ ಬಂದ ಹಾಗೆ ಬಂದಿದೆ ಅಮ್ಮ, ನೀವು ಮಾಡಿದ್ದೇನಿಲ್ಲ’ ಎಂದಳು. ಹದಿನೈದು ವರ್ಷ ಹೊತ್ತ ಅಪವಾದ ಒಂದು ಮಾತಿನಿಂದ ಇಳಿಯಿತೆಂದು ನಾನು ಹೇಳಲಾರೆ. ಆದರೆ ಅಂದು ರಾತ್ರಿ ರೈಲಿನಲ್ಲಿ ಅವ್ವ ನಿದ್ದೆ ಮಾಡಿದಳು.

ಆಗ ದೊರೆಯುತ್ತಿದ್ದ ಚಿಕಿತ್ಸೆಯೆಂದರೆ ದಾನಿಗಳ ಪ್ಲಾಸ್ಮಾ ಮತ್ತು ಅದರಿಂದ ತೆಗೆದ ಕ್ರಯೋ. ಪ್ಲಾಸ್ಮಾವನ್ನು ಘನೀಕರಿಸಿ ನಿಧಾನವಾಗಿ ಕರಗಿಸಿದಾಗ ತಳದಲ್ಲಿ ನಿಲ್ಲುವ ಗಸಿಯಲ್ಲಿ ಎಂಟನೆಯ ಅಂಶ ಹೇರಳವಾಗಿರುತ್ತದೆಂದು ಜೂಡಿತ್ ಪೂಲ್ ಎಂಬ ವಿಜ್ಞಾನಿ ೧೯೬೪ರಲ್ಲಿ ತೋರಿಸಿಕೊಟ್ಟಿದ್ದರು. ಬಳಿಕ ಸಾವಿರಾರು ದಾನಿಗಳ ಪ್ಲಾಸ್ಮಾ ಸೇರಿಸಿ ತಯಾರಿಸಿದ ಪುಡಿಯ ಔಷಧಗಳು ಬಂದವು. ಅವುಗಳೊಡನೆ ೧೯೮೦ರ ದಶಕದಲ್ಲಿ ಏಡ್ಸ್ ರೋಗಾಣುವೂ ಬಂದು, ಜಗತ್ತಿನಾದ್ಯಂತ ಸಾವಿರಾರು ಕುಸುಮ ಬಾಧಿತರನ್ನು ಬಲಿ ತೆಗೆದುಕೊಂಡಿತು. ೧೯೯೨ರಲ್ಲಿ ನನ್ನ ರಕ್ತವನ್ನು ಪರೀಕ್ಷೆಗೆ ಕೊಟ್ಟು ಮೂರು ದಿನ ಕಾದದ್ದು ನನಗೆ ನೆನಪಿದೆ. ರೋಗಾಣು ಇಲ್ಲವೆಂದು ಚೀಟಿ ಬಂತು. ಯಾರ ಯಾರ ರಕ್ತದ ಋಣ ನನ್ನ ಮೈಯಲ್ಲಿದೆಯೋ ಅವರಿಗೆಲ್ಲ ಅಂದು ಕೈಮುಗಿದೆ. ಅಷ್ಟರಲ್ಲಿ ಎಡ ಮೊಣಕಾಲು ಬಾಗಿ ನಿಂತಾಗಿತ್ತು.

ಇನ್ನು ಹೇಳಬೇಕಾದ ಮಾತು ಸುಲಭದ್ದಲ್ಲ. ಅಕ್ಕನ ಮಗಳನ್ನು ನನಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿದ್ದರು. ನಮ್ಮ ಸೀಮೆಯಲ್ಲಿ ಸೋದರಮಾವನಿಗೆ ಅದು ಹಕ್ಕಿನ ಸಂಬಂಧ. ೧೯೯೬ರಲ್ಲಿ ಆ ಮಾತು ಮತ್ತೆ ಎದ್ದಿತು. ನನಗೆ ವೆಲ್ಲೂರಿನ ಹಾಳೆ ಕಣ್ಣಮುಂದೆ ನಿಂತಿತು. ಅವ್ವನ ಚುಕ್ಕೆ ಅಕ್ಕನ ವೃತ್ತಕ್ಕೂ ಇಳಿದಿರಬಹುದು, ಅಲ್ಲಿಂದ ಅವಳ ಮಗಳಿಗೂ ಇಳಿದಿರಬಹುದು. ಹಾಗಿದ್ದರೆ ನಮಗೆ ಹುಟ್ಟುವ ಗಂಡುಮಕ್ಕಳಿಗಷ್ಟೇ ಅಲ್ಲ, ಹೆಣ್ಣುಮಕ್ಕಳಿಗೂ ಈ ರೋಗ ಪೂರ್ಣವಾಗಿ ಬರುವ ಸಂಭವವಿತ್ತು. ನಾನು ಒಲ್ಲೆನೆಂದೆ. ‘ನನ್ನ ಮಗಳು ನಿನಗ ಬ್ಯಾಡಾದಳೇನು?’ ಎಂದು ಕೇಳಿದ ಅಕ್ಕ ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು. ನಾನು ಕಾರಣ ಹೇಳಲಿಲ್ಲ. ಹೇಳಿದರೆ ಹುಡುಗಿಗೆ ಬೇರೆ ಕಡೆಯೂ ಸಂಬಂಧ ಕೂಡಿಬರಲಾರದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳನ್ನು ಮಾನ್ವಿಗೆ ಕೊಟ್ಟರು. ೨೦೦೯ರಲ್ಲಿ ಗಂಡುಮಗು ಹುಟ್ಟಿತು. ಮರುವರ್ಷ ಅವಳು ಮಗುವನ್ನೆತ್ತಿಕೊಂಡು ನನ್ನ ಬಾಗಿಲಿಗೆ ಬಂದು, ಅದರ ಮೊಣಕಾಲ ಮೇಲಿನ ಬಟ್ಟೆ ಸರಿಸಿ, ‘ಮಾಮ, ಇದು ಅದೇ ಏನು?’ ಎಂದಳು.

ನಾನು ಮದುವೆಯೊಂದನ್ನು ತಪ್ಪಿಸಿದ್ದೆ, ರೋಗವನ್ನಲ್ಲ. ವಾಹಕಳೇ ಅಲ್ಲವೇ ಎಂದು ಪರೀಕ್ಷಿಸಿ ನೋಡುವ ಉಪಾಯ ಆಗಲೂ ಇತ್ತು. ತಿಳಿದಿದ್ದರೆ ಮಗು ಹುಟ್ಟಿದ ದಿನದಿಂದಲೇ ಎಚ್ಚರವಾಗಿರಬಹುದಿತ್ತು. ತಿಳಿದವನು ನಾನೊಬ್ಬನೇ ಇದ್ದೆ, ಬಾಯಿ ಮುಚ್ಚಿಕೊಂಡಿದ್ದೆ. ಅಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಆಗಲೇ ಹೇಳಬೇಕಿತ್ತು’ ಎಂದಳು. ಬೇರೆ ಏನೂ ಅನ್ನಲಿಲ್ಲ.

ಆ ಹುಡುಗ ನನ್ನ ಮನೆಯಲ್ಲಿಯೇ ಬೆಳೆದ. ಅವನ ಕಾಲಕ್ಕೆ ಚಿಕಿತ್ಸೆಯ ರೀತಿಯೇ ಬದಲಾಗಿತ್ತು. ಎಂಟನೆಯ ಅಂಶದ ವಂಶವಾಹಿಯನ್ನು ೧೯೮೪ರಲ್ಲಿ ಬೇರ್ಪಡಿಸಿದ ಮೇಲೆ, ಮನುಷ್ಯರ ರಕ್ತದ ಹಂಗಿಲ್ಲದೆ ಅದನ್ನು ತಯಾರಿಸುವುದು ಸಾಧ್ಯವಾಯಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಈ ಔಷಧವನ್ನು ಉಚಿತವಾಗಿ ಕೊಡುವ ಏರ್ಪಾಡು ಬಂದಿದೆ. ಇಂಥ ಅನುಕೂಲಗಳು ತಾವಾಗಿ ಬರುವುದಿಲ್ಲ. ದಾವಣಗೆರೆಯ ಡಾಕ್ಟರ್ ಸುರೇಶ ಹನಗವಾಡಿಯವರು ತಾವೇ ಕುಸುಮ ಬಾಧಿತರು. ವೈದ್ಯರಾಗಿ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ, ತಮ್ಮಂಥವರಿಗಾಗಿ ದುಡಿದವರು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗಕ್ಕೂ ಸ್ಥಾನ ದೊರೆತಿದೆ.

ನನಗೆ ರಕ್ತ ಇಳಿದ ಮೇಲೆ ಔಷಧ ಕೊಡುತ್ತಿದ್ದರು. ಹುಡುಗನಿಗೆ ಇಳಿಯುವ ಮೊದಲೇ ಕೊಡತೊಡಗಿದರು. ವಾರಕ್ಕೆ ಎರಡು ಸಲ ನರಕ್ಕೆ ಸೂಜಿ. ಸೀಸೆಗಳನ್ನು ತಣ್ಣಗೆ ಕಾಪಾಡಬೇಕು. ನಮ್ಮ ಬೇಸಗೆಯಲ್ಲಿ ವಿದ್ಯುತ್ತು ಹೋಯಿತೆಂದರೆ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ಕಾಯಬೇಕು. ಮೈಯೊಳಗೆ ಸೇರಿದ ಅಂಶ ಸುಮಾರು ಹನ್ನೆರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಇನ್ನು ಹನ್ನೆರಡು ಗಂಟೆಗೆ ಕಾಲು ಪಾಲು. ಎರಡು ದಿನ ಕಳೆಯುವುದರೊಳಗೆ ಹದಿನಾರರಲ್ಲೊಂದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ನಮಗೆ ಈ ಲೆಕ್ಕ ಹೊಸದಲ್ಲ. ಮೇಲಿನಿಂದ ಬಿಟ್ಟ ನೀರು ನಮ್ಮ ಹೊಲ ಮುಟ್ಟುವಾಗ ಎಷ್ಟು ಉಳಿದಿರುತ್ತದೆಂದು ಇಲ್ಲಿಯ ರೈತ ದಿನವೂ ಎಣಿಸುತ್ತಿರುತ್ತಾನೆ. ಸರದಿ ತಪ್ಪಬಾರದು, ಅದೊಂದೇ ನಿಯಮ. ಈಗೀಗ ಚರ್ಮದ ಕೆಳಗೆ ಚುಚ್ಚುವ, ವಾರಕ್ಕೋ ತಿಂಗಳಿಗೋ ಒಮ್ಮೆ ಸಾಕಾಗುವ ಔಷಧವೂ ಬಂದಿದೆ. ಅದು ಎಲ್ಲರ ಕೈಗೆಟಕುವ ದಿನವನ್ನು ನಾವು ಕಾಯುತ್ತಿದ್ದೇವೆ.

ದೀರ್ಘ ಚಿಕಿತ್ಸೆಯ ಕಷ್ಟ ಸೂಜಿಯದಲ್ಲ. ನೋವಿದ್ದಾಗ ಸೂಜಿಯನ್ನು ಯಾರೂ ಒಲ್ಲೆನೆನ್ನುವುದಿಲ್ಲ. ಏನೂ ಆಗದ, ಮೈ ಹಗುರವಾಗಿರುವ, ಗೆಳೆಯರು ಹೊರಗೆ ಕೂಗುತ್ತಿರುವ ದಿನ ಚುಚ್ಚಿಸಿಕೊಳ್ಳುವುದು ಕಷ್ಟ. ಏಳು ವರ್ಷದವನಿದ್ದಾಗ ಹುಡುಗ ಕೈ ಹಿಂದೆಳೆದುಕೊಂಡು, ‘ಇವತ್ತ ನೋವೇ ಇಲ್ಲಲ್ಲ ಅಜ್ಜ, ಮತ್ಯಾಕ ಸೂಜಿ?’ ಎಂದು ಕೇಳಿದ. ನಾನು ಪಂಚೆ ಸರಿಸಿ ನನ್ನ ಎಡ ಮೊಣಕಾಲನ್ನು ಅವನ ಕಾಲಿನ ಪಕ್ಕದಲ್ಲಿಟ್ಟೆ. ಅವನು ಎರಡನ್ನೂ ನೋಡಿದ, ನನ್ನ ಮೊಣಕಾಲನ್ನು ಬೆರಳಿನಿಂದ ಒತ್ತಿ ನೋಡಿದ, ಆಮೇಲೆ ಕೈ ಚಾಚಿದ.

ಮಿತ್ರರೆ, ರಕ್ತ ಇಳಿಯುವ ಮೊದಲು ಔಷಧ ಬೇಕೆಂಬುದನ್ನು ವೈದ್ಯರು ಕಂಡುಕೊಂಡರು. ಮಾತೂ ಹಾಗೆಯೇ ಮೊದಲೇ ಬೇಕೆಂಬುದನ್ನು ನಾನು ತಡವಾಗಿ ಕಲಿತೆ. ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿಯೇ ರಕ್ತ ನಿಲ್ಲದೆ ತೀರಿಕೊಂಡ ಅಣ್ಣನೋ ಮಾವನೋ ಇದ್ದರೆ, ಆ ಮಾತನ್ನು ಹೆಣ್ಣುಮಕ್ಕಳಿಂದ ಮುಚ್ಚಿಡಬೇಡಿ. ಇಷ್ಟನ್ನು ಹೇಳಲೆಂದೇ ಇಂದು ಇಲ್ಲಿಗೆ ಬಂದೆ. ಅಕ್ಕ ಈಗ ನನ್ನೊಡನೆ ಮಾತಾಡುತ್ತಾಳೆ. ಹುಡುಗ ರಾಯಚೂರಿನ ಕಾಲೇಜಿಗೆ ಹೋಗುತ್ತಾನೆ. ಸೂಜಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಬೆಳಗಿನ ಬಸ್ಸು ಹೊರಟಿತೆಂದರೆ ಓಡಿಹೋಗಿ ಹಿಡಿಯುತ್ತಾನೆ. ಓಡಬೇಡವೆಂದು ನಾನು ದಿನವೂ ಕೂಗುತ್ತೇನೆ. ಅವನು ಓಡುವುದನ್ನು ನೋಡಲೆಂದೇ ದಿನವೂ ಬಾಗಿಲಿಗೆ ಬಂದು ನಿಲ್ಲುತ್ತೇನೆ.