ಎಲೆ ಹಾಕಿದವರು ಅನ್ನವನ್ನೂ ಬಡಿಸಲಿ
(ಹೈದರಾಬಾದಿನ ಕನ್ನಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಮಂದಿ ನಸುಕಿಗೇ ಒಲೆ ಹಚ್ಚುವವರು. ರಾತ್ರಿ ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತವೆ. ಬೀದರಿನಲ್ಲೋ ರಾಯಚೂರಿನಲ್ಲೋ ತಾಯಿ ಹಾಸಿಗೆ ಹಿಡಿದರೆ, ನೋಡಿ ಬಂದ ದಿನಗಳ ಸಂಬಳ ಹೋಯಿತೆಂದೇ ಲೆಕ್ಕ. ನಾವು ಲೋಟ ತೊಳೆಯುತ್ತಿದ್ದ ಹೋಟಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಸೋದರಿಯೊಬ್ಬರು ಏಳನೆಯ ತಿಂಗಳಲ್ಲಿ ರಜೆ ಕೇಳಿದರು. “ಹೆರಿಗೆ ಮುಗಿಸಿಕೊಂಡು ಬಾ, ನೋಡೋಣ” ಎಂದರು. ಕೂಸನ್ನೆತ್ತಿಕೊಂಡು ಬಂದಾಗ ಆ ಕೆಲಸದಲ್ಲಿ ಬೇರೊಬ್ಬರಿದ್ದರು.

ಈಗ ಸರ್ಕಾರಗಳಿಗೆ ತಾಯಂದಿರ ಮೇಲೆ ಅಕ್ಕರೆ ಬಂದಿದೆ. ಸಂತೋಷವೇ. ಆದರೆ ಅಕ್ಕರೆಯ ಬೆನ್ನಿಗೆ ಲೆಕ್ಕವೂ ಇದೆ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಎರಡು ಮಕ್ಕಳಿದ್ದವಳಿಗೆ ಮಾತ್ರ 12 ವಾರವೇ ಉಳಿಯಿತು. ಮೂರನೆಯ ಹೆರಿಗೆಯ ನೋವೇನು ಕಡಿಮೆಯೆ? ನೆರೆಯ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು 2024ರಲ್ಲಿ ಹೆಚ್ಚು ಮಕ್ಕಳನ್ನು ಹೆರಿರೆಂದರು. 2025ರ ಮಾರ್ಚಿಯಲ್ಲಿ, ಎಷ್ಟನೆಯ ಹೆರಿಗೆಯಾದರೂ ಹೆಣ್ಣು ನೌಕರರಿಗೆ ರಜೆ ಎಂದು ಸಾರಿದರು. ಮುದುಕರು ಹೆಚ್ಚಿ ದುಡಿಯುವವರು ಕಡಿಮೆಯಾಗುವ ಚಿಂತೆ ಒಂದು ಕಡೆ. ಜನಸಂಖ್ಯೆ ನೋಡಿ ಲೋಕಸಭೆಯ ಸ್ಥಾನ ಹಂಚಿದರೆ ದಕ್ಷಿಣದ ಪಾಲು ಕುಗ್ಗೀತೆಂಬ ಅಂಜಿಕೆ ಇನ್ನೊಂದು ಕಡೆ. ಅದೇ ವರುಷ ಜುಲೈಯಲ್ಲಿ ನಮ್ಮ ತೆಲಂಗಾಣದಲ್ಲಿ ಅಂಗಡಿಗಳನ್ನು ಬಿಟ್ಟು ವಾಣಿಜ್ಯ ಸಂಸ್ಥೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಅಪ್ಪಣೆಯಾಯಿತು. ವಾರಕ್ಕೆ 48 ಗಂಟೆ ಮೀರಬಾರದೆಂದಿದೆ, ನಿಜ. ಆದರೆ ಮಗು ವಾರದ ಲೆಕ್ಕದಲ್ಲಿ ಹಸಿಯುವುದಿಲ್ಲ, ದಿನವೂ ಹಸಿಯುತ್ತದೆ.

ರಾಜಕೀಯದವರಿಗೆ ಸ್ವಾರ್ಥವಿದೆಯೆಂದು ನಾವು ಬಂದದ್ದನ್ನು ಬೇಡವೆನ್ನೋಣವೆ? ಕೂಡದು. ಯಾರಿಗೆ ಮುಟ್ಟಿತು, ಖರ್ಚು ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ನೋಡೋಣ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಡಾ. ಅಂಬೇಡ್ಕರರು, ತಾಯಿಗೆ ವಿಶ್ರಾಂತಿ ಕೊಡುವುದು ದೇಶದ ಹಿತ, ಆದ್ದರಿಂದ ಅದರ ಭಾರವನ್ನು ಬಹುಮಟ್ಟಿಗೆ ಸರ್ಕಾರ ಹೊರಬೇಕು ಎಂದು ವಾದಿಸಿದರು. ಆ ಮಾತು ಇಂದಿಗೂ ಪೂರ್ತಿ ನಡೆದಿಲ್ಲ. ಖರ್ಚೆಲ್ಲ ಮಾಲಿಕನದಾದರೆ ಅವನು ಹೆಂಗಸನ್ನು ಕೆಲಸಕ್ಕೇ ಸೇರಿಸನು. ಕೂಸಿನ ಮನೆ ಇರಬೇಕಾದರೆ 50 ಜನ ಕೆಲಸಗಾರರಿರಬೇಕೆನ್ನುತ್ತದೆ ಕಾಯಿದೆ. ನಮ್ಮ ಹೋಟಲಿನಲ್ಲಿರುವವರು ಹದಿನೈದೋ ಇಪ್ಪತ್ತೋ. ಕೇಂದ್ರ ಸರ್ಕಾರದ ನೌಕರ ತಂದೆಯಾದರೆ 15 ದಿನ ರಜೆ ಉಂಟು. ಎಲೆ ತೆಗೆಯುವ ನಮ್ಮ ಹುಡುಗ ತಂದೆಯಾದರೆ ಯಾವ ಕಾಯಿದೆಯೂ ಒಂದು ದಿನ ಕೊಡುವುದಿಲ್ಲ.

ಕೈಗೆಟುಕುವ ದಾರಿ ಒಂದಿದೆ: ಇ.ಎಸ್.ಐ. 10 ಜನ ದುಡಿಯುವ ಹೋಟಲಿಗೂ ಅದು ಬರುತ್ತದೆ. ಸಂಬಳದ ನೂರು ರೂಪಾಯಿಗೆ ನಮ್ಮದು 75 ಪೈಸೆ, ಮಾಲಿಕನದು ಮೂರೂಕಾಲು ರೂಪಾಯಿ. ಹೆರಿಗೆಯ ಹಣ ಆ ನಿಧಿಯಿಂದ ಬರುತ್ತದೆ. ಮಾಲಿಕನ ಗಲ್ಲೆಯಿಂದ ಬೇರೆ ಕೊಡಬೇಕಾಗಿಲ್ಲ. ಹೆಸರು ಬರೆಸದಿದ್ದರೆ ಮಾತ್ರ ಏನೂ ಇಲ್ಲ.

ಅಳದ ಕೂಸಿಗೆ ತಾಯಿಯೂ ಹಾಲೂಡಳು. ಮುಂದಿನ ಸಭೆಗೆ ನಿಮ್ಮ ಸಂಬಳದ ಚೀಟಿ ತನ್ನಿರಿ. ಇ.ಎಸ್.ಐ. ನಂಬರು ಇಲ್ಲದವರ ಪಟ್ಟಿ ಮಾಡೋಣ. ಒಬ್ಬೊಬ್ಬರಾಗಿ ಬೇಡ, ಎಲ್ಲರೂ ಸೇರಿ ಹೋಗಿ ಕೇಳೋಣ. ಓಟು ಕೇಳಲು ಬಂದವರ ಮುಂದೆಯೂ ಅದೇ ಪಟ್ಟಿ ಹಿಡಿಯೋಣ.