‘ದೌಲತ್ತು’ ಯಾರದ್ದು?

ಇವತ್ತು ಒಂದೇ ಒಂದು ಪದ: ದೌಲತ್ತು. ‘ಅವನಿಗೆ ತುಂಬಾ ದೌಲತ್ತು ಕಣೋ’, ‘ನಿನ್ನ ದೌಲತ್ತು ನನ್ನ ಹತ್ರ ತೋರಿಸ್ಬೇಡ’ ಅಂತೀವಲ್ಲ, ಅದೇ. ತಾನು ಹೇಳಿದ್ದೇ ನಡೀಬೇಕು ಅಂತ ಮೆರೆಯೋರ ಬಗ್ಗೆ ಹೇಳೋಕೆ ನಮ್ಮಲ್ಲಿ ದರ್ಪ, ದಬ್ಬಾಳಿಕೆ, ಜಬರ್ದಸ್ತಿ ಅಂತ ಇನ್ನೂ ಪದಗಳಿವೆ. ಆದರೆ ದೌಲತ್ತಿನ ಕಥೆಯೇ ಬೇರೆ.

ಇದರ ಮೂಲ ಅರಬ್ಬಿಯ ‘ದೌಲಾ’. ಆ ಪದದ ಬೇರಿನಲ್ಲಿರುವ ಅರ್ಥ ತಿರುಗುವುದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು. ಅಂದ್ರೆ ಸರದಿ. ಕ್ರಿ.ಶ. 750ರಲ್ಲಿ ಉಮಯ್ಯದ್ ಮನೆತನವನ್ನು ಇಳಿಸಿ ಅಬ್ಬಾಸಿದ್ ಮನೆತನ ಅಧಿಕಾರಕ್ಕೆ ಬಂತು. ಅವರ ಆಳ್ವಿಕೆಯನ್ನು ‘ದೌಲಾ’ ಅಂತ ಕರೆದರು: ಈಗ ಇವರ ಸರದಿ ಅಂತ. ಬರಬರುತ್ತಾ ಸರದಿ ಅನ್ನೋ ಅರ್ಥ ಹಿಂದೆ ಸರಿದು ರಾಜವಂಶ, ರಾಜ್ಯ ಅನ್ನೋ ಅರ್ಥ ನಿಂತಿತು. ಇವತ್ತಿಗೂ ಅರಬ್ಬಿಯಲ್ಲಿ ‘ದೌಲಾ’ ಅಂದ್ರೆ ದೇಶ, ಪ್ರಭುತ್ವ.

ಪರ್ಷಿಯನ್ ಮೂಲಕ ಪದ ಭಾರತಕ್ಕೂ ಬಂತು. 1327ರಲ್ಲಿ ರಾಜಧಾನಿಯನ್ನು ದೆಹಲಿಯಿಂದ ದೇವಗಿರಿಗೆ ಸಾಗಿಸಿದ ಮಹಮದ್ ಬಿನ್ ತುಘಲಕ್ ಆ ಊರಿಗೆ ಇಟ್ಟ ಹೆಸರು ದೌಲತಾಬಾದ್. ಹಿಂದಿ, ಉರ್ದುವಿನಲ್ಲಿ ‘ದೌಲತ್’ ಅಂದ್ರೆ ಸಂಪತ್ತು. ಕನ್ನಡದಲ್ಲಿ ಮಾತ್ರ ಅಧಿಕಾರವೋ ದುಡ್ಡೋ ಇದ್ದವರು ಅದನ್ನ ತೋರಿಸಿಕೊಂಡು ಮೆರೆಯೋದಕ್ಕೂ ಇದೇ ಹೆಸರಾಯ್ತು. ಆಳಿಸಿಕೊಂಡವರ ಕಣ್ಣಿಗೆ ಆಳುವವರು ಹೇಗೆ ಕಂಡರು ಅನ್ನೋದು ಈ ಅರ್ಥದಲ್ಲೇ ಇದೆ ಅನ್ಸುತ್ತೆ ನಂಗೆ.

ಈಗ ನನ್ನ ತಕರಾರಿಗೆ ಬರ್ತೀನಿ. ಈ ಪದವನ್ನ ನಾವು ಯಾರಿಗೆ ಹೇಳ್ತಿದ್ದೀವಿ? ಮನೆಕೆಲಸದಾಕೆ ವಾರಕ್ಕೊಂದು ರಜೆ ಕೇಳಿದ್ರೆ, ‘ಎಷ್ಟು ದೌಲತ್ತು ನೋಡು ಇವಳಿಗೆ’. ಸೊಸೆ ಒಂದು ಮಾತು ಎದುರು ಹೇಳಿದ್ರೆ, ದೌಲತ್ತು. ಮೊದಲ ಕೆಲಸದಲ್ಲಿ ಎರಡು ತಿಂಗಳು ಸಂಬಳ ಬರಲಿಲ್ಲ ಅಂತ ನಾನು ಕೇಳೋಕೆ ಹೋದೆ. ಮೇಲಿನವರು ಹೇಳಿದ್ದು, ‘ಬಂದು ಆರು ತಿಂಗಳಾಗಿಲ್ಲ, ಆಗ್ಲೇ ಏನ್ರೀ ದೌಲತ್ತು ನಿಮ್ದು?’ ಸಂಬಳ ತಡೆದಿಟ್ಟವರು ಅವರು, ದೌಲತ್ತು ನಂದಂತೆ!

ಅಧಿಕಾರದ ಮದವನ್ನ ಬಯ್ಯೋಕೆ ಇದ್ದ ಪದ, ಅಧಿಕಾರ ಇಲ್ಲದವರ ಬಾಯಿ ಮುಚ್ಚಿಸೋಕೆ ಬಳಕೆಯಾಗ್ತಿದೆ. ಹಾಗಾಗಿ ಯಾರಾದ್ರೂ ಈ ಪದ ಎಸೆದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮನುಷ್ಯನ ಕೈಯಲ್ಲಿ ನಿಜವಾಗ್ಲೂ ‘ದೌಲತ್’ ಇದೆಯಾ? ಕೆಲಸದಿಂದ ತೆಗೆಯೋ, ಮನೆ ಖಾಲಿ ಮಾಡಿಸೋ, ಮಾರ್ಕ್ಸ್ ಕಡಿಮೆ ಮಾಡೋ ಶಕ್ತಿ ಇದೆಯಾ? ಇಲ್ಲ ಅಂದ್ರೆ ಅದು ದೌಲತ್ತಲ್ಲ. ಅವರು ತಮಗೆ ಸಿಗಬೇಕಾದ್ದನ್ನ ಕೇಳ್ತಿದ್ದಾರೆ, ಅಷ್ಟೇ.

ಟೋಲ್ ಗೇಟಲ್ಲಿ ಗಾಜು ಇಳಿಸಿ ‘ನಾನ್ಯಾರು ಗೊತ್ತಾ?’ ಅನ್ನೋರಿದ್ದಾರಲ್ಲ, ಅವರಿಗೆ ಈ ಪದ ಧಾರಾಳವಾಗಿ ಹೇಳಿ. ಅದರ ಹಳೇ ಅರ್ಥ ಸರದಿ ಅನ್ನೋದನ್ನೂ ಬೇಕಾದ್ರೆ ತಿಳಿಸಿ. ಮುಂದಿನ ವಾರ ಇನ್ನೊಂದು ಪದದ ಜೊತೆ ಸಿಗೋಣ.